ಕೈಯಾಡಿಸಿದ ಹಳೆಯ ಗಿಬ್ಸನ್ ಇಬಿ-0 ಬೇಸ್ ಗಿಟಾರ್: ಕೊಳ್ಳುವ ಮುನ್ನ ಒಂದು ಪರಿಶೀಲನೆ

ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಗಿಬ್ಸನ್ ಕಂಪನಿಯ ಇಬಿ-0 ಎಂಬ ಶಾರ್ಟ್ ಸ್ಕೇಲ್ (ತಂತಿಯ ಉದ್ದ ಕಡಿಮೆಯಿರುವ) ಬೇಸ್ ಗಿಟಾರ್, ಅಂದರೆ ಮಂದ್ರ ಸ್ವರಗಳಿಗಾಗಿ ಇರುವ ನಾಲ್ಕು ತಂತಿಯ ಗಿಟಾರ್. ಅಮೆರಿಕದ ಮಿಷಿಗನ್ ರಾಜ್ಯದ ಹಳೆಯ ವಾದ್ಯಗಳ ಅಂಗಡಿಯೊಂದರಲ್ಲಿ ಮಾರಾಟಕ್ಕಿದ್ದ ಈ ವಾದ್ಯ ಅದೇ ರಾಜ್ಯದ ಕಲಮಜೂ ನಗರದ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ತಯಾರಾದದ್ದು. ಆದರೆ ಕಾರ್ಖಾನೆಯಿಂದ ಹೊರಬಂದ ರೂಪದಲ್ಲಿ ಅದು ಈಗ ಉಳಿದಿಲ್ಲ. ಹಿಂದಿನ ಮಾಲೀಕರಲ್ಲಿ ಯಾರೋ ಒಬ್ಬರು ಬ್ರಿಡ್ಜ್‌ನ (ಮೈಯ ಮೇಲೆ ತಂತಿಗಳನ್ನು ಹೊರುವ ಲೋಹದ ಭಾಗ) ಬಳಿ ಮರವನ್ನು ಕೊರೆದು ಎರಡನೆಯ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಕೂರಿಸಿದ್ದಾರೆ, ಅದರ ವಾಲ್ಯೂಮ್‌ಗಾಗಿ ಮೂರನೆಯ ನಾಬ್ ಸೇರಿಸಿದ್ದಾರೆ, ಬ್ರಿಡ್ಜ್ ಮತ್ತು ಶ್ರುತಿ ಹೊಂದಿಸುವ ಟ್ಯೂನರ್‌ಗಳನ್ನು ಬದಲಾಯಿಸಿದ್ದಾರೆ. ಅದರ ಪಕ್ಕದಲ್ಲೇ ತೂಗುಹಾಕಿದ್ದ, ಯಾವ ಬದಲಾವಣೆಯೂ ಆಗದ ಇನ್ನೊಂದು ಇಬಿ-0ಕ್ಕೆ ಅಂಗಡಿಯವರು ಇಟ್ಟಿದ್ದ ಬೆಲೆಯ ಮುಕ್ಕಾಲು ಭಾಗವನ್ನು ಇದಕ್ಕೂ ಕೇಳುತ್ತಿದ್ದರು. ಆ ಬೆಲೆ ನ್ಯಾಯವೇ ಎಂಬುದನ್ನು ವಾದ್ಯವನ್ನು ಬಿಚ್ಚಿ ನೋಡದೆ ಹೇಳಲು ಬರುವುದಿಲ್ಲ. ಅಂಗಡಿಯವರು ಬಿಚ್ಚಿ ನೋಡಲು ಒಪ್ಪಿದ್ದು ಅವರ ಪರವಾಗಿ ಹೇಳಬೇಕಾದ ಮೊದಲ ಮಾತು.

ಹಳೆಯ ವಾದ್ಯಗಳ ಮಾರುಕಟ್ಟೆಯಲ್ಲಿ ಮೂಲರೂಪಕ್ಕೆ ಬೆಲೆ ಕಟ್ಟುವವರು ಸಂಗ್ರಾಹಕರು. ಅವರ ಲೆಕ್ಕದಲ್ಲಿ ಒಂದು ಸ್ಕ್ರೂ ಬದಲಾದರೂ ನಷ್ಟವೇ. ನುಡಿಸುವವರಿಗೆ ಆ ಲೆಕ್ಕ ಪೂರ್ತಿ ಅನ್ವಯಿಸುವುದಿಲ್ಲ. ಸಂಗ್ರಾಹಕರು ಕೈಬಿಟ್ಟ ವಾದ್ಯದಲ್ಲೇ ನುಡಿಸುವವರಿಗೆ ಒಳ್ಳೆಯ ವ್ಯಾಪಾರ ಸಿಗುವ ಸಾಧ್ಯತೆ ಹೆಚ್ಚು ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಆಗಿರುವ ಬದಲಾವಣೆಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಬೆಸುಗೆ ಹಾಕಿದ್ದನ್ನು ಬಿಡಿಸಬಹುದು, ಸ್ಕ್ರೂ ಹಾಕಿ ಕೂರಿಸಿದ್ದನ್ನು ತೆಗೆಯಬಹುದು, ಕೊರೆದು ತೆಗೆದ ಮರವನ್ನು ಮಾತ್ರ ಹಿಂದಕ್ಕೆ ತರಲಾಗದು. ಕೊರೆದಿರುವುದು ಎಲ್ಲಿ, ಅಲ್ಲಿ ಮರಕ್ಕೆ ತಂತಿಗಳ ಎಳೆತವನ್ನು ತಾಳುವ ಕೆಲಸವಿತ್ತೇ ಇಲ್ಲವೇ ಎಂಬುದನ್ನು ಮೊದಲು ನೋಡಬೇಕು. ಬ್ರಾಂಡ್, ವರ್ಷ, ಬಣ್ಣಗಳೆಲ್ಲ ಆಮೇಲಿನವು.

ಇಬಿ-0ದ ಹಿನ್ನೆಲೆಯನ್ನು ಸ್ವಲ್ಪ ಹೇಳದಿದ್ದರೆ ಈ ಬದಲಾವಣೆಗಳು ಯಾಕೆ ಆದವು ಎಂಬುದು ತಿಳಿಯುವುದಿಲ್ಲ. ಗಿಬ್ಸನ್ ತನ್ನ ಮೊದಲ ಎಲೆಕ್ಟ್ರಿಕ್ ಬೇಸ್ ಅನ್ನು 1953ರಲ್ಲಿ ಪಿಟೀಲಿನ ಆಕಾರದಲ್ಲಿ ತಂದಿತು. 1959ರಲ್ಲಿ ಬಂದ ಇಬಿ-0 ಅದಕ್ಕಿಂತ ಸರಳವಾದ, ಕಡಿಮೆ ಬೆಲೆಯ ಮಾದರಿ. 1961ರಲ್ಲಿ ಅದಕ್ಕೆ ಎರಡು ಮೊನಚಾದ ಕೊಂಬುಗಳಿರುವ ಎಸ್‌ಜಿ ಆಕಾರ ಬಂತು, ಅದೇ ವರ್ಷ ಎರಡು ಪಿಕಪ್‌ಗಳ ಇಬಿ-3 ಕೂಡ ಬಂತು. ಕ್ರೀಮ್ ತಂಡದ ಜಾಕ್ ಬ್ರೂಸ್ ಮತ್ತು ಫ್ರೀ ತಂಡದ ಆಂಡಿ ಫ್ರೇಸರ್ ಅವರ ಕೈಯಲ್ಲಿ ಹೆಸರು ಮಾಡಿದ್ದು ಇಬಿ-3. ಇಬಿ-0ಕ್ಕೆ ಇದ್ದದ್ದು ಫ್ರೆಟ್‌ಬೋರ್ಡ್‌ನ (ಬೆರಳಿನಿಂದ ತಂತಿ ಒತ್ತುವ ಮರದ ಹಲಗೆ) ತುದಿಗೆ ಅಂಟಿಕೊಂಡಂತೆ ಕೂತ ಒಂದೇ ಒಂದು ದೊಡ್ಡ ಹಂಬಕರ್ (ಎರಡು ಕಾಯಿಲ್, ಅಂದರೆ ತಂತಿಸುರುಳಿಗಳಿರುವ) ಪಿಕಪ್. ಅದರ ದನಿ ಎಷ್ಟು ಮಂದ್ರವೆಂದರೆ ಅಮೆರಿಕದ ವಾದಕರು ಅದಕ್ಕೆ ‘ಮಡ್‌ಬಕರ್’ ಎಂದು ಅಡ್ಡಹೆಸರಿಟ್ಟರು. 1970ರ ದಶಕದಲ್ಲಿ ಡಿಮಾರ್ಜಿಯೋ ಕಂಪನಿ ಇದೇ ಪಿಕಪ್‌ನ ಜಾಗದಲ್ಲಿ ಕೂರುವಂತಹ ‘ಮಾಡಲ್ ಒನ್’ ಎಂಬ ಬದಲಿ ಪಿಕಪ್ ಮಾರುಕಟ್ಟೆಗೆ ತಂದದ್ದೇ ಮೂಲದ ದನಿಯ ಬಗ್ಗೆ ಎಷ್ಟು ಜನರಿಗೆ ಅತೃಪ್ತಿಯಿತ್ತು ಎಂಬುದನ್ನು ತೋರಿಸುತ್ತದೆ. ಇಬಿ-0ವನ್ನು ಕೊಂಡು ಅದನ್ನು ಇಬಿ-3ರಂತೆ ಮಾಡಿಕೊಳ್ಳುವ ಆಸೆ ಹಲವರಿಗೆ ಬಂದದ್ದು ಸಹಜ. ಈ ವಾದ್ಯದ ಹಿಂದಿನ ಮಾಲೀಕರದ್ದೂ ಅದೇ ಆಸೆ.

ಶಾರ್ಟ್ ಸ್ಕೇಲ್ ಎಂದರೆ ಕಲಿಯುವವರ ವಾದ್ಯವೆಂಬ ತಪ್ಪು ಕಲ್ಪನೆ ಈಗಲೂ ಇದೆ. ಹೆಚ್ಚಿನ ಬೇಸ್ ಗಿಟಾರ್‌ಗಳಲ್ಲಿ ನಟ್‌ನಿಂದ (ಫ್ರೆಟ್‌ಬೋರ್ಡ್‌ನ ಮೇಲ್ತುದಿಯಲ್ಲಿ ತಂತಿಗಳು ಹಾದುಹೋಗುವ ಸಣ್ಣ ಪಟ್ಟಿ) ಬ್ರಿಡ್ಜ್‌ವರೆಗಿನ ತಂತಿಯ ಉದ್ದ 34 ಇಂಚು. ಇಬಿ-0ದಲ್ಲಿ ಅದು 30.5 ಇಂಚು. ಮೊದಲ ಫ್ರೆಟ್ (ಸ್ವರದ ಜಾಗ ಗುರುತಿಸುವ ಲೋಹದ ಅಡ್ಡಗೆರೆ) ಅಲ್ಲಿ ನಟ್‌ನಿಂದ ಸುಮಾರು 48.5 ಮಿ.ಮೀ. ದೂರದಲ್ಲಿದ್ದರೆ ಇಲ್ಲಿ 43.5 ಮಿ.ಮೀ. ದೂರದಲ್ಲಿದೆ. ಎಡಗೈ ಬೆರಳುಗಳನ್ನು ಅಗಲಿಸುವ ಶ್ರಮ ಇದರಿಂದ ನಿಜವಾಗಿಯೂ ಕಡಿಮೆಯಾಗುತ್ತದೆ. ಆದರೆ ಹೆಚ್ಚು ಮುಖ್ಯವಾದ ವ್ಯತ್ಯಾಸ ತಂತಿಯ ಬಿಗಿತದಲ್ಲಿದೆ. ಅದೇ ದಪ್ಪದ ತಂತಿಯನ್ನು ಅದೇ ಶ್ರುತಿಗೆ ತರಲು ಬೇಕಾಗುವ ಎಳೆತವು ಉದ್ದದ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, 30.5 ಇಂಚಿನಲ್ಲಿ ಅದು ಸುಮಾರು ಶೇ. 20ರಷ್ಟು ಕಡಿಮೆ. ತಂತಿ ಬೆರಳಿಗೆ ಮೆತ್ತಗೆ ಸಿಗುತ್ತದೆ, ಸ್ವರ ದುಂಡಗೆ ಹೊರಡುತ್ತದೆ. ಅದೇ ಕಾರಣಕ್ಕೆ 41 ಹರ್ಟ್ಸ್‌ನ ಅತಿ ಮಂದ್ರದ ಇ ತಂತಿ ಸಡಿಲವೆನಿಸಿ ಫ್ರೆಟ್‌ಗಳಿಗೆ ತಾಗಿ ಕರಕರ ಎನ್ನುವ ಸಾಧ್ಯತೆಯೂ ಹೆಚ್ಚು. ಶಾರ್ಟ್ ಸ್ಕೇಲ್ ಬೇಸ್‌ನಲ್ಲಿ ನೆಕ್ (ವಾದ್ಯದ ಉದ್ದನೆಯ ಕತ್ತು) ಮತ್ತು ಫ್ರೆಟ್‌ಗಳ ಸ್ಥಿತಿಯನ್ನು ಉದ್ದ ಸ್ಕೇಲ್‌ನ ಬೇಸ್‌ಗಿಂತ ಹೆಚ್ಚು ಕಟ್ಟುನಿಟ್ಟಾಗಿ ನೋಡಬೇಕಾದದ್ದು ಇದರಿಂದಲೇ.

ಅಂಗಡಿಯ ಚೀಟಿಯಲ್ಲಿ ವಾದ್ಯದ ವರ್ಷ 1964 ಎಂದು ಬರೆದಿತ್ತು. 1960ರ ದಶಕದಲ್ಲಿ ಗಿಬ್ಸನ್ ಒಂದೇ ಸೀರಿಯಲ್ ಸಂಖ್ಯೆಯನ್ನು ಬೇರೆ ಬೇರೆ ವರ್ಷಗಳಲ್ಲಿ ಮತ್ತೆ ಮತ್ತೆ ಬಳಸಿರುವುದರಿಂದ, ಹೆಡ್‌ಸ್ಟಾಕ್‌ನ (ಟ್ಯೂನರ್‌ಗಳಿರುವ ತಲೆಭಾಗ) ಹಿಂದೆ ಒತ್ತಿದ ಸಂಖ್ಯೆಯೊಂದನ್ನೇ ನಂಬಿ ವರ್ಷ ಹೇಳುವುದು ಸರಿಯಲ್ಲ. ಅದಕ್ಕಿಂತ ನಂಬಿಕಸ್ಥ ಸಾಕ್ಷಿ ಒಳಗಿರುವ ವಾಲ್ಯೂಮ್ ಮತ್ತು ಟೋನ್ ಪಾಟ್‌ಗಳ (ನಾಬ್‌ಗಳ ಕೆಳಗಿನ ವಿದ್ಯುತ್ ಬಿಡಿಭಾಗಗಳು) ಬೆನ್ನಿನ ಮೇಲೆ ಇರುತ್ತದೆ. ಹಿಂಬದಿಯ ಪ್ಲಾಸ್ಟಿಕ್ ಮುಚ್ಚಳ ತೆಗೆದಾಗ ಎರಡು ಹಳೆಯ ಪಾಟ್‌ಗಳು ಕಂಡವು. ಒಂದರ ಮೇಲೆ 1376724 ಎಂದೂ ಇನ್ನೊಂದರ ಮೇಲೆ 1376731 ಎಂದೂ ಅಚ್ಚಾಗಿತ್ತು. ಮೊದಲ 137 ಎಂಬುದು ಸಿಟಿಎಸ್ ಎಂಬ ತಯಾರಕರ ಗುರುತು, ಮುಂದಿನ 67 ವರ್ಷ, ಕೊನೆಯ ಎರಡು ಅಂಕೆಗಳು ವಾರ. ಅಂದರೆ ಪಾಟ್‌ಗಳೇ 1967ರ 24 ಮತ್ತು 31ನೆಯ ವಾರದಲ್ಲಿ ತಯಾರಾಗಿವೆ. ಅವುಗಳ ಬೆಸುಗೆ ಮಂಕಾಗಿ, ಒಂದೇ ಬಣ್ಣಕ್ಕೆ ತಿರುಗಿ, ಯಾರೂ ಮತ್ತೆ ಕಾಯಿಸಿದ ಗುರುತಿಲ್ಲದೆ ಇದ್ದುದರಿಂದ, ಪಾಟ್‌ಗಳು ಆಮೇಲೆ ಬದಲಾದವಲ್ಲ ಎಂದು ಧೈರ್ಯವಾಗಿ ಹೇಳಬಹುದು. ಇನ್ನೆರಡು ಗುರುತುಗಳೂ ಇದಕ್ಕೆ ಹೊಂದಿದವು: ನಟ್‌ನ ಅಗಲ ಕೇವಲ 38 ಮಿ.ಮೀ. ಇತ್ತು, ಗಿಬ್ಸನ್ ತನ್ನ ನೆಕ್‌ಗಳನ್ನು ಕಿರಿದು ಮಾಡಿದ್ದು 1965ರ ಆಸುಪಾಸಿನಲ್ಲಿ. ಹೆಡ್‌ಸ್ಟಾಕ್‌ನ ಹಿಂದೆ ‘ಮೇಡ್ ಇನ್ ಯುಎಸ್‌ಎ’ ಮುದ್ರೆ ಇರಲಿಲ್ಲ, ಅದು ಬಂದದ್ದು 1970ರಿಂದ ಈಚೆಗೆ. ಹಾಗಾಗಿ ಇದು 1967ರ ಕೊನೆ ಅಥವಾ ಅದರ ಬೆನ್ನಿಗಿನ ಒಂದೆರಡು ವರ್ಷಗಳ ವಾದ್ಯ. ಅಗಲ ನೆಕ್‌ನ ಮೊದಲಿನ ವರ್ಷಗಳ ವಾದ್ಯಗಳಿಗೆ ಹೆಚ್ಚು ಬೆಲೆ ಸಿಗುವುದರಿಂದ, ಚೀಟಿಯ ಮೇಲಿನ ಆ ಮೂರು ವರ್ಷಗಳ ವ್ಯತ್ಯಾಸ ಸಣ್ಣದಲ್ಲ. ತೋರಿಸಿದಾಗ ಅಂಗಡಿಯವರು ತಕರಾರಿಲ್ಲದೆ ಚೀಟಿ ತಿದ್ದಿದರು.

ನಾನು ಹೆಚ್ಚು ಹೊತ್ತು ಕಳೆದದ್ದು ಹೆಡ್‌ಸ್ಟಾಕ್‌ನ ಮೇಲೆ, ಅದರಲ್ಲೂ ನಟ್‌ನ ಹಿಂಭಾಗದ ಅಂಗೈಯಗಲದ ಜಾಗದ ಮೇಲೆ. ಹಳೆಯ ಗಿಬ್ಸನ್ ವಾದ್ಯಗಳು ಮುರಿಯುವುದು ಅಲ್ಲೇ. ನೆಕ್ ಮಹಾಗನಿಯದು, ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿದೆ, ಆದ್ದರಿಂದ ಬಾಗಿದ ಜಾಗದಲ್ಲಿ ಮರದ ಎಳೆಗಳು ಓರೆಯಾಗಿ ಹಾದು ತುಂಡಾಗುತ್ತವೆ. ಅದೇ ಜಾಗದಲ್ಲಿ ಟ್ರಸ್ ರಾಡ್‌ನ (ನೆಕ್‌ನ ಬಾಗನ್ನು ಹೊಂದಿಸುವ, ಅದರೊಳಗಿನ ಲೋಹದ ಸರಳು) ತಿರುಪು ತಿರುಗಿಸಲೆಂದು ಮರವನ್ನು ತೋಡಿರುತ್ತಾರೆ. ಅದರ ಮೇಲೆ ಬೇಸ್‌ನ ದೊಡ್ಡ ಲೋಹದ ಟ್ಯೂನರ್‌ಗಳ ಭಾರ ಬೇರೆ. ಸ್ಟ್ಯಾಂಡ್‌ನಿಂದ ಒಮ್ಮೆ ಹಿಂದಕ್ಕೆ ಬಿದ್ದರೂ ಸಾಕು, ಅಲ್ಲಿ ಸೀಳು ಬಿಡುತ್ತದೆ. ಆ ಜಾಗವನ್ನು ದಪ್ಪ ಮಾಡುವ ಉಬ್ಬನ್ನು ಗಿಬ್ಸನ್ ಸೇರಿಸಿದ್ದು 1969-70ರ ಹೊತ್ತಿಗೆ. ಈ ವಾದ್ಯಕ್ಕೆ ಅದಿಲ್ಲ.

ಈ ವಾದ್ಯದ ಆ ಜಾಗದಲ್ಲಿ ಇ ತಂತಿಯ ಟ್ಯೂನರ್‌ನ ಕೆಳಗಿನಿಂದ ಹೊರಟ ಒಂದು ಸಣ್ಣ ಗೆರೆ ಕಾಣುತ್ತಿತ್ತು. ಅಂಗಡಿಯವರು ಅದು ಲ್ಯಾಕರ್ ಒಡೆದ ಗೆರೆ ಎಂದರು. ಗಿಬ್ಸನ್ ಬಳಸುತ್ತಿದ್ದ ನೈಟ್ರೋಸೆಲ್ಯುಲೋಸ್ ಲ್ಯಾಕರ್ ವಯಸ್ಸಾದಂತೆ ಗಡುಸಾಗಿ, ಮಿಷಿಗನ್‌ನಂತಹ ಕಡೆ ಚಳಿಗೂ ಬೆಚ್ಚನೆಯ ಕೋಣೆಗೂ ನಡುವೆ ಓಡಾಡಿ ಸಣ್ಣಗೆ ಬಿರುಕು ಬಿಡುವುದು ಸಾಮಾನ್ಯ. ಆದ್ದರಿಂದ ಅವರ ಮಾತು ಅಸಂಭವವಲ್ಲ; ಆದರೆ ಪರೀಕ್ಷಿಸದೆ ಒಪ್ಪುವ ಮಾತೂ ಅಲ್ಲ. ಭೂತಗನ್ನಡಿ ಹಿಡಿದು, ಟಾರ್ಚಿನ ಬೆಳಕನ್ನು ಓರೆಯಾಗಿ ಬಿಟ್ಟು ನೋಡಿದಾಗ ಗೆರೆ ಮರದ ಎಳೆಗಳ ಜೊತೆ ಸಾಗದೆ ಅವುಗಳನ್ನು ಅಡ್ಡಕ್ಕೆ ಕತ್ತರಿಸಿ ಹೋಗಿತ್ತು. ಮರದ ಸೀಳಾದರೆ ಎಳೆಯನ್ನೇ ಹಿಡಿದು ಸಾಗುತ್ತದೆ. ಉಗುರು ಆಡಿಸಿದಾಗ ಎರಡು ಬದಿಗಳ ಮಟ್ಟದಲ್ಲಿ ವ್ಯತ್ಯಾಸ ಸಿಗಲಿಲ್ಲ. ಅಂಗಡಿಯ ರಿಪೇರಿ ಕೆಲಸಗಾರರು ಬಟ್ಟೆಯಲ್ಲಿ ಸ್ವಲ್ಪ ನಾಫ್ತಾ (ಬೇಗ ಆರುವ ಪೆಟ್ರೋಲಿಯಂ ದ್ರವ) ಅದ್ದಿ ಆ ಜಾಗವನ್ನು ಒರೆಸಿದರು. ತೆರೆದ ಸೀಳಿದ್ದರೆ ದ್ರವ ಅದರೊಳಗೆ ಇಳಿದು, ಸುತ್ತಲಿನದು ಆರಿದ ಮೇಲೂ ಗೆರೆ ಕಪ್ಪಾಗಿ ಉಳಿಯಬೇಕಿತ್ತು, ಅದು ಉಳಿಯಲಿಲ್ಲ. ಬಳಿಕ ಕೋಣೆ ಕತ್ತಲು ಮಾಡಿ ನೇರಳಾತೀತ ದೀಪ ಹಿಡಿದೆವು. ಹಳೆಯ ನೈಟ್ರೋ ಲ್ಯಾಕರ್ ಆ ಬೆಳಕಿನಲ್ಲಿ ಹಸಿರು ಬೆರೆತ ಹಳದಿಯಾಗಿ ಹೊಳೆಯುತ್ತದೆ, ಮೇಲೆ ಬಳಿದ ಹೊಸ ಬಣ್ಣ ಕಪ್ಪು ಕಪ್ಪಾಗಿ ಬೇರೆಯಾಗಿ ಕಾಣುತ್ತದೆ. ಹೆಡ್‌ಸ್ಟಾಕ್‌ನ ಹಿಂದಿನಿಂದ ನೆಕ್‌ನ ಬುಡದವರೆಗೂ ಹೊಳಪು ಒಂದೇ ಸಮನಾಗಿತ್ತು. ಕೊನೆಯದಾಗಿ ಗಂಟೆಯಾಕಾರದ ಮುಚ್ಚಳ ತೆಗೆದು ಟ್ರಸ್ ರಾಡ್‌ನ ಗುಳಿಯೊಳಗೆ ನೋಡಿದೆ. ಹೊರಗಿನಿಂದ ಎಷ್ಟೇ ಅಂದವಾಗಿ ಮುಚ್ಚಿದ ರಿಪೇರಿಯಾದರೂ, ಬಣ್ಣ ಮುಟ್ಟದ ಈ ಗುಳಿಯ ಗೋಡೆಯಲ್ಲಿ ಅಂಟಿನ ಗೆರೆ ಬಿಟ್ಟಿರುತ್ತದೆ. ಇಲ್ಲಿ ಮರ ಅಖಂಡವಾಗಿತ್ತು. ಈ ವಾದ್ಯದ ಬಗ್ಗೆ ನನ್ನ ಒಟ್ಟು ಅಭಿಪ್ರಾಯ ಒಳ್ಳೆಯ ಕಡೆಗೆ ವಾಲಿದ್ದು ಆ ಗುಳಿಯನ್ನು ನೋಡಿದ ಮೇಲೆ.

ಮುರಿದು ಜೋಡಿಸಿದ ಹೆಡ್‌ಸ್ಟಾಕ್ ಇದ್ದರೆ ವಾದ್ಯವನ್ನು ತಿರಸ್ಕರಿಸಲೇಬೇಕು ಎಂದು ಇದರ ಅರ್ಥವಲ್ಲ. ಒಳ್ಳೆಯ ಅಂಟಿನಿಂದ, ಸರಿಯಾದ ಒತ್ತಡದಲ್ಲಿ ಜೋಡಿಸಿದ ನೆಕ್ ದಶಕಗಳ ಕಾಲ ನಿಲ್ಲುತ್ತದೆ. ಆದರೆ ವ್ಯಾಪಾರದ ರೂಢಿಯಲ್ಲಿ ಅಂತಹ ವಾದ್ಯದ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮಾರುವವರು ಅದನ್ನು ಮೊದಲೇ ಹೇಳಬೇಕು.

ಇಬಿ-0ದಲ್ಲಿ ಕಡೆಗಣಿಸಬಾರದ ಇನ್ನೊಂದು ದುರ್ಬಲ ಜಾಗ ನೆಕ್ ಮತ್ತು ಮೈ ಸೇರುವ ಕೀಲು. ಆ ದೊಡ್ಡ ಪಿಕಪ್‌ನ ಗುಳಿ ನೆಕ್‌ನ ತುದಿಗೇ ತಾಗಿಕೊಂಡಿರುವುದರಿಂದ ಅಂಟು ಹಿಡಿದಿಡಲು ಉಳಿದಿರುವ ಮರ ಕಡಿಮೆ. ನಾಲ್ಕು ತಂತಿಗಳ ಒಟ್ಟು ಎಳೆತ ಸುಮಾರು 60 ಕೆ.ಜಿ.; ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದನ್ನು ತಾಳಿಕೊಂಡ ಕೀಲು ಕೆಲವೊಮ್ಮೆ ಕೂದಲೆಳೆಯಷ್ಟು ಮೇಲಕ್ಕೆ ಏಳುತ್ತದೆ. ಎದ್ದಿದೆಯೇ ಎಂದು ತಿಳಿಯಲು ಬ್ರಿಡ್ಜ್‌ನ ಎತ್ತರ ನೋಡಬೇಕು. ತಂತಿಯನ್ನು ನುಡಿಸಲು ಬರುವಷ್ಟು ಕೆಳಗಿಳಿಸಿದಾಗ ಬ್ರಿಡ್ಜ್ ಮೈಗೆ ಒತ್ತಿಕೊಂಡು, ಇನ್ನು ಇಳಿಸಲು ಜಾಗವೇ ಇಲ್ಲದಿದ್ದರೆ ನೆಕ್‌ನ ಕೋನ ಕೆಟ್ಟಿದೆ ಎಂದೇ ಅರ್ಥ. ಅದನ್ನು ಸರಿಪಡಿಸಲು ನೆಕ್ ಕಳಚಿ ಮತ್ತೆ ಕೂರಿಸಬೇಕು, ಆ ಖರ್ಚು ವಾದ್ಯದ ಬೆಲೆಯನ್ನೇ ಅಣಕಿಸುವಷ್ಟು ಆಗಬಹುದು. ಇಲ್ಲಿ ಹನ್ನೆರಡನೆಯ ಫ್ರೆಟ್‌ನ ಮೇಲೆ ಇ ತಂತಿಯ ಎತ್ತರ 2.5 ಮಿ.ಮೀ. ಇದ್ದಾಗಲೂ ಬ್ರಿಡ್ಜ್‌ನ ಕೆಳಗೆ ಸಾಕಷ್ಟು ಜಾಗ ಉಳಿದಿತ್ತು. ಕೀಲಿನ ಸುತ್ತ ಲ್ಯಾಕರ್ ಒಡೆದಿರಲಿಲ್ಲ.

ಟ್ರಸ್ ರಾಡ್ ಎರಡೂ ಕಡೆಗೆ ತಿರುಗಿತು. ತಂತಿಯನ್ನು ಮೊದಲ ಮತ್ತು ಕೊನೆಯ ಫ್ರೆಟ್‌ಗಳಲ್ಲಿ ಒತ್ತಿ ಹಿಡಿದಾಗ ಎಂಟನೆಯ ಫ್ರೆಟ್‌ನ ಬಳಿ 0.3 ಮಿ.ಮೀ. ಆಸುಪಾಸಿನ ಸಂದು ಸಿಕ್ಕಿತು, ಅದು ಇರಬೇಕಾದಷ್ಟೇ. ಫ್ರೆಟ್‌ಗಳ ವಿಷಯದಲ್ಲಿ ಮಾತ್ರ ಇಷ್ಟು ಸಮಾಧಾನವಿಲ್ಲ. ಮೊದಲ ಐದು ಫ್ರೆಟ್‌ಗಳಲ್ಲಿ ಜಿ ಮತ್ತು ಡಿ ತಂತಿಗಳ ಅಡಿ ಹಳ್ಳ ಬಿದ್ದಿದೆ, ಎರಡನೆಯ ಫ್ರೆಟ್‌ನಲ್ಲಿ ಹಳ್ಳ ಆಳವಾಗಿಯೇ ಇದೆ. ಒಮ್ಮೆ ಮಟ್ಟ ಮಾಡಿಸಿದರೆ ಕೆಲವು ವರ್ಷ ನಡೆಯಬಹುದು. ಆಮೇಲೆ ಇಪ್ಪತ್ತು ಫ್ರೆಟ್‌ಗಳನ್ನೂ ಕಿತ್ತು ಹೊಸದಾಗಿ ಹಾಕಿಸಬೇಕು. ಈ ಖರ್ಚನ್ನು ಬೆಲೆಯಲ್ಲಿ ಕಳೆಯಲೇಬೇಕು.

ಈಗ ಬದಲಾವಣೆಗಳ ವಿಷಯ. ಬ್ರಿಡ್ಜ್‌ನ ಬಳಿ ಕೂರಿಸಿರುವುದು ಫೆಂಡರ್ ಕಂಪನಿಯ ಜಾಝ್ ಬೇಸ್ ಮಾದರಿಯ, ಒಂದೇ ಸುರುಳಿಯಿರುವ ಉದ್ದನೆಯ ಸಿಂಗಲ್ ಕಾಯಿಲ್ ಪಿಕಪ್. ಅದನ್ನು ಎತ್ತಿ ಗುಳಿಯೊಳಗೆ ನೋಡಿದರೆ ಕೆಲಸ ಮಾಡಿದವರ ಕೈ ಎಂಥದ್ದೆಂದು ಗೊತ್ತಾಗುತ್ತದೆ. ಒಂದು ಬದಿಯ ಗೋಡೆ ರೂಟರ್ ಯಂತ್ರದಿಂದ ನೇರವಾಗಿ ಇಳಿದಿದೆ. ಇನ್ನೊಂದು ಬದಿಯನ್ನು ಉಳಿಯಿಂದ ಕೆತ್ತಿದ್ದಾರೆ, ಏಟುಗಳು ಒಂದರ ಮೇಲೊಂದು ಬಿದ್ದ ಗುರುತು ಹಾಗೇ ಉಳಿದಿದೆ, ಮೂಲೆಯಲ್ಲಿ ಒಂದು ಚಕ್ಕೆ ಎದ್ದದ್ದನ್ನು ಅಂಟು ಹಾಕಿ ಕೂರಿಸಿ ಕೆಂಪು ಬಣ್ಣ ಹಚ್ಚಿದ್ದಾರೆ. ನೇರಳಾತೀತ ಬೆಳಕಿನಲ್ಲಿ ಆ ಬಣ್ಣ ಪಿಕಪ್‌ನ ಸುತ್ತ ಕಪ್ಪು ಪಟ್ಟಿಯಾಗಿ ಕಂಡಿತ್ತು. ಅಂದದ ಕೆಲಸವಲ್ಲ. ಆದರೆ ಗುಳಿಯ ಆಳ 20 ಮಿ.ಮೀ. ಮೀರಿಲ್ಲ, ಮೈಯ ದಪ್ಪ 35 ಮಿ.ಮೀ. ಆಸುಪಾಸು ಇದೆ, ಮತ್ತು ಗುಳಿಗೂ ಬ್ರಿಡ್ಜ್‌ನ ಸ್ಟಡ್‌ಗಳಿಗೂ (ಬ್ರಿಡ್ಜ್ ಕೂರುವ ಲೋಹದ ಗೂಟಗಳು) ನಡುವೆ ಗಟ್ಟಿ ಮರ ಉಳಿದಿದೆ. ಇದೇ ಗುಳಿಯನ್ನು ಹಿಂದಕ್ಕೆ ಸ್ಟಡ್‌ಗಳ ತನಕ ಎಳೆದಿದ್ದರೆ, ಅಥವಾ ನೆಕ್ ಪಿಕಪ್‌ನ ಹಳೆಯ ಗುಳಿಯನ್ನು ಅಗಲ ಮಾಡಿ ಕೀಲಿನ ಮರವನ್ನು ತಿಂದಿದ್ದರೆ, ಯಾವ ಬೆಲೆಗೂ ಈ ವಾದ್ಯ ಬೇಡ ಎನ್ನುತ್ತಿದ್ದೆ. ಹಾಗಾಗಿಲ್ಲದ್ದರಿಂದ ಇದು ಸಂಗ್ರಾಹಕರ ದೃಷ್ಟಿಯಲ್ಲಿ ದೊಡ್ಡ ನಷ್ಟ, ನುಡಿಸುವವರ ದೃಷ್ಟಿಯಲ್ಲಿ ಸಹಿಸಬಹುದಾದ ಗಾಯ.

ನೆಕ್‌ನ ಬಳಿಯ ಮೂಲ ಪಿಕಪ್ ಉಳಿದುಕೊಂಡಿದೆ ಎಂಬುದು ನನಗೆ ಖುಷಿ ಕೊಟ್ಟ ಸಂಗತಿ. ಅದರ ಲೋಹದ ಹೆಣಿಗೆಯ ವೈರ್ ಮತ್ತು ಬೆಸುಗೆ ಕಾರ್ಖಾನೆಯದೇ. ಹೊಸ ಪಿಕಪ್‌ನ ವೈರ್ ಬಿಡಿಸಿ, ಹಳೆಯ ಬೆಸುಗೆಯನ್ನು ಮುಟ್ಟದೆ, ಕೇಬಲ್ ಸಿಕ್ಕಿಸುವ ಜ್ಯಾಕ್‌ನಲ್ಲೇ ಮಲ್ಟಿಮೀಟರ್ ಹಿಡಿದಾಗ 28 ಸಾವಿರ ಓಮ್ ತೋರಿಸಿತು. ಸಾಮಾನ್ಯ ಗಿಟಾರ್ ಹಂಬಕರ್ 7ರಿಂದ 8 ಸಾವಿರ ಓಮ್ ಇರುವಲ್ಲಿ ಈ ಪಿಕಪ್‌ಗೆ 25ರಿಂದ 30 ಸಾವಿರ ಸಹಜ; ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಅಷ್ಟು ಸುತ್ತು ಸುತ್ತಿದ್ದಾರೆ. ಮೀಟರ್‌ನಲ್ಲಿ ಇದರ ಅರ್ಧದಷ್ಟೇ ಬಂದಿದ್ದರೆ ಒಂದು ಕಾಯಿಲ್ ಬಳಕೆಯಲ್ಲಿಲ್ಲವೆಂದೂ, ಏನೂ ಬಾರದಿದ್ದರೆ ಒಳಗೆ ತಂತಿ ತುಂಡಾಗಿದೆಯೆಂದೂ ಅನುಮಾನಿಸಬೇಕಿತ್ತು.

ತೊಂದರೆಯಿರುವುದು ಇವೆರಡು ಪಿಕಪ್‌ಗಳ ಜೋಡಿಯಲ್ಲಿ. ಹೊಸದರ ರೋಧ ಸುಮಾರು 7.5 ಸಾವಿರ ಓಮ್, ಹಳೆಯದರದ್ದು ಹೆಚ್ಚುಕಡಿಮೆ ಅದರ ನಾಲ್ಕು ಪಟ್ಟು. ಎರಡನ್ನೂ ಸಮಾನಾಂತರವಾಗಿ ಜೋಡಿಸಿ ಎರಡೂ ವಾಲ್ಯೂಮ್‌ಗಳನ್ನು ಪೂರ್ತಿ ತೆರೆದಾಗ ಕಡಿಮೆ ರೋಧದ ಪಿಕಪ್ ಹೆಚ್ಚು ರೋಧದ್ದನ್ನು ಕೆಳಗೆ ಎಳೆಯುತ್ತದೆ. ನೆಕ್ ಪಿಕಪ್‌ನ ಸಂಕೇತದಲ್ಲಿ ಉಳಿಯುವುದು ಐದರಲ್ಲಿ ಒಂದು ಪಾಲು ಮಾತ್ರ. ಕಿವಿಗೂ ಅದು ಹಾಗೆಯೇ ಕೇಳಿಸಿತು. ನೆಕ್ ಪಿಕಪ್ ಒಂದನ್ನೇ ನುಡಿಸುತ್ತ ಇನ್ನೊಂದರ ನಾಬ್ ತಿರುಗಿಸಿದರೆ, ತುಂಬಿದ ದನಿಗೆ ಹೊಳಪು ಸೇರುವ ಬದಲು, ಕೊನೆಯ ಕಾಲುಸುತ್ತಿನಲ್ಲಿ ಮಂದ್ರವೇ ಇಳಿದುಹೋಯಿತು. ಫೇಸ್ ತಿರುಗಿರಬಹುದೆಂಬ, ಅಂದರೆ ಎರಡು ಪಿಕಪ್‌ಗಳ ಸಂಕೇತಗಳು ಒಂದಕ್ಕೊಂದು ಉಲ್ಟಾ ಆಗಿರಬಹುದೆಂಬ ಅನುಮಾನದಿಂದ ಹೊಸ ಪಿಕಪ್‌ನ ಎರಡು ವೈರ್‌ಗಳನ್ನು ಅದಲುಬದಲು ಮಾಡಿ ನೋಡಿದೆವು. ದನಿ ಇನ್ನಷ್ಟು ಟೊಳ್ಳಾಯಿತು, ಅಂದರೆ ಮೊದಲಿನ ಜೋಡಣೆಯೇ ಸರಿಯಾಗಿತ್ತು. ಇದಕ್ಕೆ ಗೊತ್ತಿರುವ ಪರಿಹಾರವೊಂದಿದೆ. ಹಳೆಯ ಪಿಕಪ್‌ನೊಳಗಿನ ಎರಡು ಕಾಯಿಲ್‌ಗಳು ಸರಣಿಯಲ್ಲಿವೆ. ಅವನ್ನು ಸಮಾನಾಂತರಕ್ಕೆ ಬದಲಿಸಿದರೆ ಒಟ್ಟು ರೋಧ ಕಾಲು ಭಾಗಕ್ಕೆ, ಅಂದರೆ 7 ಸಾವಿರದ ಆಸುಪಾಸಿಗೆ ಇಳಿದು ಹೊಸದರ ಸಮಕ್ಕೆ ಬರುತ್ತದೆ, ಮೇಲಿನ ಸ್ವರಾಂಶಗಳೂ ಸ್ವಲ್ಪ ತೆರೆದುಕೊಳ್ಳುತ್ತವೆ. ಆದರೆ ಅದಕ್ಕಾಗಿ ಕ್ರೋಮ್ ಮುಚ್ಚಳ ತೆಗೆದು ಆ ತೆಳ್ಳಗಿನ ತಂತಿಗಳಿಗೆ ಕೈ ಹಾಕಬೇಕು. ಅದನ್ನು ಹಳೆಯ ಪಿಕಪ್ ಬಲ್ಲವರಿಂದಲೇ ಮಾಡಿಸಬೇಕು. ಹಿಂದಿರುಗಲು ದಾರಿಯಿರಲೆಂದು ಸಣ್ಣ ಸ್ವಿಚ್ ಒಂದನ್ನು ಟೋನ್ ಪಾಟ್‌ನ ಜಾಗದಲ್ಲೇ ಅಡಗಿಸುವುದು ಉತ್ತಮ. ಇನ್ನೊಂದು ತೂತು ಕೊರೆಯುವುದು ಬೇಡ.

ಬ್ರಿಡ್ಜ್ ಬದಲಾವಣೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಮೂಲ ಬ್ರಿಡ್ಜ್ ಎರಡು ಸ್ಟಡ್‌ಗಳ ಮೇಲೆ ಕೂರುವ ಒಂದೇ ಲೋಹದ ಪಟ್ಟಿ. ಅದರಲ್ಲಿ ಒಂದೊಂದು ತಂತಿಯ ಉದ್ದವನ್ನು ಬೇರೆ ಬೇರೆಯಾಗಿ ಹೊಂದಿಸಲು ಬರುವುದಿಲ್ಲ, ಇಡೀ ಪಟ್ಟಿಯನ್ನು ಓರೆ ಮಾಡಿ ಒಪ್ಪಂದಕ್ಕೆ ಬರಬೇಕು. ದಪ್ಪನೆಯ ಇ ತಂತಿ ಹನ್ನೆರಡನೆಯ ಫ್ರೆಟ್‌ನಲ್ಲಿ ಶ್ರುತಿ ತಪ್ಪುವುದು ಈ ಮಾದರಿಯ ಹಳೆಯ ದೂರು. ಇಲ್ಲಿ ಕೂರಿಸಿರುವ ಹಿಪ್‌ಶಾಟ್ ಕಂಪನಿಯ ‘ಸೂಪರ್‌ಟೋನ್’ ಬ್ರಿಡ್ಜ್ ಅದೇ ಹಳೆಯ ಸ್ಟಡ್ ಜಾಗಗಳಲ್ಲಿ, ಹೊಸ ತೂತಿಲ್ಲದೆ ಕೂರುತ್ತದೆ. ನಾಲ್ಕು ತಂತಿಗಳಿಗೂ ಬೇರೆ ಬೇರೆ ಸ್ಯಾಡಲ್ (ತಂತಿ ಕೂರುವ, ಹಿಂದೆ ಮುಂದೆ ಸರಿಸಬಹುದಾದ ತುಂಡು) ಇದೆ. ಹನ್ನೆರಡನೆಯ ಫ್ರೆಟ್‌ನ ಮೇಲೆ ತಂತಿಯನ್ನು ಹಗುರವಾಗಿ ಮುಟ್ಟಿದಾಗ ಬರುವ ಸ್ವರ (ಹಾರ್ಮೋನಿಕ್) ಮತ್ತು ಅಲ್ಲೇ ಒತ್ತಿದ ಸ್ವರ ಎರಡನ್ನೂ ಶ್ರುತಿ ಅಳೆಯುವ ಟ್ಯೂನರ್ ಯಂತ್ರದಲ್ಲಿ ಹೋಲಿಸಿದಾಗ ನಾಲ್ಕೂ ತಂತಿಗಳಲ್ಲಿ ಮುಳ್ಳು ಒಂದೇ ಕಡೆ ನಿಂತಿತು. ಸ್ಟಡ್‌ಗಳು ಮುಂದಕ್ಕೆ ವಾಲಿಲ್ಲ. ಮೂಲ ಬ್ರಿಡ್ಜ್ ಅಂಗಡಿಯವರ ಬಳಿ ಪೊಟ್ಟಣದಲ್ಲಿ ಭದ್ರವಾಗಿದೆ. ಅದನ್ನು ಬಿಡಿಯಾಗಿ ಮಾರದೆ ವಾದ್ಯದ ಜೊತೆಗೇ ಕೊಡಬೇಕೆಂದು ಕೊಳ್ಳುವವರು ಕೇಳಬೇಕು.

ಟ್ಯೂನರ್‌ಗಳ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಮೂಲದ ಕ್ಲೂಸನ್ ಕಂಪನಿಯ ಟ್ಯೂನರ್‌ಗಳ ಬದಲು ಹಗುರವಾದವನ್ನು ಹಾಕಿದ್ದಾರೆ, ಹಳೆಯ ಸ್ಕ್ರೂ ತೂತುಗಳಲ್ಲಿ ಕೆಲವನ್ನು ಮರದ ಕಡ್ಡಿಯಿಂದ ಮುಚ್ಚಿದ್ದಾರೆ. ಎಸ್‌ಜಿ ಆಕಾರದ ಬೇಸ್‌ನಲ್ಲಿ ಭುಜದ ಪಟ್ಟಿ ಹಾಕಿಕೊಂಡು ನಿಂತಾಗ ಹೆಡ್‌ಸ್ಟಾಕ್ ನೆಲದ ಕಡೆಗೆ ಜಗ್ಗುವುದು ಎಲ್ಲರಿಗೂ ಗೊತ್ತಿರುವ ಕಿರಿಕಿರಿ. ಇಲ್ಲಿ ಅದು ಪೂರ್ತಿ ಹೋಗಿಲ್ಲ, ಆದರೆ ಪಕ್ಕದ ಮೂಲರೂಪದ ವಾದ್ಯಕ್ಕಿಂತ ಸ್ಪಷ್ಟವಾಗಿ ಕಡಿಮೆ.

ನಾದದ ಮಾತಿಗೆ ಬಂದರೆ, ನೆಕ್ ಪಿಕಪ್ ಒಂದನ್ನೇ ತೆರೆದು ಇ ತಂತಿಯ ಮೂರನೆಯ ಫ್ರೆಟ್ ಮೀಟಿದಾಗ ಸ್ವರದ ಆರಂಭದ ಟಕ್ಕೆನ್ನುವ ಅಂಚು ಕೇಳಿಸುವುದೇ ಇಲ್ಲ. ಗೋಡೆಯ ಆಚೆ ಬಾರಿಸಿದ ಡೊಳ್ಳಿನಂತೆ ದನಿ ಮೈಗೆ ಮೊದಲು ತಾಗುತ್ತದೆ, ಕಿವಿಗೆ ಆಮೇಲೆ ಬರುತ್ತದೆ. ಪಿಕಪ್ ಕೂತಿರುವ ಜಾಗದಲ್ಲಿ ಮೂಲ ಸ್ವರದ ಕಂಪನ ದೊಡ್ಡದು, ಜೊತೆಗೆ ಅಷ್ಟೊಂದು ಸುತ್ತುಗಳ ಕಾಯಿಲ್ ಮೇಲಿನ ಕಂಪನಗಳನ್ನು ನುಂಗುತ್ತದೆ. ಡ್ರಮ್ಸ್ ಮತ್ತು ಎರಡು ಗಿಟಾರ್‌ಗಳ ನಡುವೆ ಈ ದನಿಯಲ್ಲಿ ಯಾವ ಸ್ವರ ನುಡಿಸಿದಿರಿ ಎಂಬುದು ಕೇಳುವವರಿಗೆ ಗೊತ್ತಾಗುವುದು ಕಷ್ಟ. ಮೂವರೇ ಇರುವ ತಂಡದಲ್ಲಿ, ಆಂಪ್ಲಿಫೈಯರ್ ಸ್ವಲ್ಪ ಒಡೆಯುವಷ್ಟು ಏರಿಸಿ ನುಡಿಸಿದರೆ, ಇದೇ ದನಿ ಇಡೀ ಕೆಳಗಿನ ಜಾಗವನ್ನು ತುಂಬುತ್ತದೆ; ಇದಕ್ಕೆ ಸಮನಾದದ್ದನ್ನು ಹೊಸ ಬೇಸ್‌ಗಳಲ್ಲಿ ನಾನು ಕೇಳಿಲ್ಲ. ಬ್ರಿಡ್ಜ್ ಪಿಕಪ್ ಒಂದೇ ಆದರೆ ಸ್ವರಗಳು ಬಿಡಿಸಿಟ್ಟಂತೆ ಕೇಳುತ್ತವೆ, ಸ್ವಲ್ಪ ಗುಂಯ್ ಶಬ್ದ ಸೇರಿಕೊಳ್ಳುತ್ತದೆ, ಮಂದ್ರ ತೆಳುವಾಗುತ್ತದೆ. ಸದ್ಯಕ್ಕೆ ನನಗೆ ಹಿಡಿಸಿದ್ದು ನೆಕ್ ಪಿಕಪ್ ಪೂರ್ತಿ, ಬ್ರಿಡ್ಜ್ ಪಿಕಪ್ ಅರ್ಧ. ಆ ಒಂದು ಜಾಗದಲ್ಲಿ ಎರಡೂ ಒಂದನ್ನೊಂದು ಕೆಡಿಸದೆ ಸೇರುತ್ತವೆ. ಅಂಗಡಿಯಲ್ಲಿ ಹಾಕಿದ್ದ ತಂತಿಗಳು ಉದ್ದ ಸ್ಕೇಲ್‌ನವು. ದಪ್ಪ ಭಾಗವೇ ಟ್ಯೂನರ್‌ಗೆ ಸುತ್ತಿಕೊಂಡಿತ್ತು. ಸರಿಯಾದ ಅಳತೆಯ ಫ್ಲಾಟ್‌ವೌಂಡ್ (ಹೊರಮೈ ನುಣುಪಾಗಿರುವ) ತಂತಿ ಹಾಕಿದರೆ ಇ ತಂತಿಯ ಸಡಿಲತನ ಸಾಕಷ್ಟು ಕಡಿಮೆಯಾಗುತ್ತದೆ.

ಇಂತಹ ವಾದ್ಯವನ್ನು ಕೊಂಡು ಬೆಂಗಳೂರಿಗೋ ಮಂಗಳೂರಿಗೋ ತರುವ ಯೋಚನೆಯಿರುವ ಕನ್ನಡಿಗರು ಫ್ರೆಟ್‌ಬೋರ್ಡ್‌ನ ಮರದ ಬಗ್ಗೆ ಕೇಳಿ ತಿಳಿಯಬೇಕು. 1960ರ ದಶಕದ ನಡುಭಾಗದವರೆಗೆ ಬ್ರೆಜಿಲ್‌ನ ರೋಸ್‌ವುಡ್ ಬಳಸುತ್ತಿದ್ದ ಅಮೆರಿಕದ ತಯಾರಕರು ಆಮೇಲೆ ಭಾರತದ ರೋಸ್‌ವುಡ್‌ಗೆ, ಅಂದರೆ ನಮ್ಮ ಪಶ್ಚಿಮಘಟ್ಟದಲ್ಲೂ ಬೆಳೆಯುವ ಬೀಟೆಗೆ ಹೊರಳಿದರು. ಬ್ರೆಜಿಲ್‌ನ ಮರ 1992ರಿಂದ, ಅಪಾಯದಲ್ಲಿರುವ ಜೀವಿ ಮತ್ತು ಸಸ್ಯಗಳ ಅಂತಾರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಯಲ್ಲಿದೆ. ಅದಿರುವ ವಾದ್ಯವನ್ನು ಗಡಿ ದಾಟಿಸಲು ಕಾಗದಪತ್ರಗಳು ಬೇಕು. ಬೀಟೆ ಎರಡನೆಯ ಪಟ್ಟಿಯಲ್ಲಿದ್ದರೂ 2019ರ ನವೆಂಬರ್‌ನಿಂದ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿದೆ. ಅಂಗಡಿಯವರು ಬ್ರೆಜಿಲ್‌ನ ಮರವೆಂದು ಬೆಲೆ ಏರಿಸಲು ನೋಡಿದರೆ, ಅದನ್ನು ಬರವಣಿಗೆಯಲ್ಲಿ ಕೇಳಿ, ಸಾಗಣೆಯ ಹೊಣೆಯ ಬಗ್ಗೆಯೂ ಆಗಲೇ ಮಾತಾಡಿ. ಮಿಷಿಗನ್‌ನ ಚಳಿಗಾಲದ ಒಣ ಕೋಣೆಯಿಂದ ಕರಾವಳಿಯ ಮಳೆಗಾಲಕ್ಕೆ ಒಮ್ಮೆಲೇ ಬಂದ ನೆಕ್ ಮೊದಲ ಕೆಲವು ವಾರಗಳಲ್ಲಿ ಖಂಡಿತ ಅಲುಗುತ್ತದೆ. ಟ್ರಸ್ ರಾಡ್ ಎರಡೂ ಕಡೆ ತಿರುಗುವ ವಾದ್ಯವನ್ನೇ ತರಬೇಕು ಎನ್ನುವುದು ಇದಕ್ಕೇ.

ಬೆಲೆಯ ಬಗ್ಗೆ ನನ್ನ ತೀರ್ಮಾನ ಹೀಗಿದೆ. ಮೂಲರೂಪದ ವಾದ್ಯದ ಮುಕ್ಕಾಲು ಬೆಲೆ ಇದಕ್ಕೆ ಹೆಚ್ಚಾಯಿತು. ಮೈಯಲ್ಲಿ ಗುಳಿ ಮತ್ತು ಹೊಸ ತೂತು, ಸವೆದ ಫ್ರೆಟ್, ಸರಿಪಡಿಸಬೇಕಾದ ಪಿಕಪ್ ಜೋಡಣೆ, ಚೀಟಿಯಲ್ಲಿ ಮೂರು ವರ್ಷ ಹಿಂದಕ್ಕೆ ಹೋಗಿದ್ದ ದಿನಾಂಕ, ಇವನ್ನೆಲ್ಲ ಕಳೆದರೆ ಅರ್ಧ ಬೆಲೆ ನ್ಯಾಯ. ಮುರಿಯದ ಹೆಡ್‌ಸ್ಟಾಕ್, ಅಲುಗದ ಕೀಲು, ಉಳಿದುಕೊಂಡ ಮೂಲ ಪಿಕಪ್, ಮೂಲ ಲ್ಯಾಕರ್ ಮತ್ತು ಒಳ್ಳೆಯ ಬ್ರಿಡ್ಜ್‌ಗಾಗಿ ಅದರ ಮೇಲೆ ಇನ್ನೂ ಸ್ವಲ್ಪ ಕೊಡಲು ಹಿಂಜರಿಯಬೇಕಿಲ್ಲ. ಒಂದೇ ಬೇಸ್ ಇಟ್ಟುಕೊಂಡು ಎಲ್ಲ ಬಗೆಯ ಸಂಗೀತ ನುಡಿಸಬೇಕಾದವರಿಗೆ ಇದನ್ನು ನಾನು ಸೂಚಿಸುವುದಿಲ್ಲ. ಈಗಾಗಲೇ 34 ಇಂಚಿನ ಬೇಸ್ ಇದ್ದು, ಆ ಹಳೆಯ ತುಂಬು ಮಂದ್ರ ಬೇಕೆನ್ನುವವರು, ಮೂಲ ಬ್ರಿಡ್ಜ್ ಮತ್ತು ಕ್ಲೂಸನ್ ಟ್ಯೂನರ್‌ಗಳು ಜೊತೆಗೆ ಬರುತ್ತವೆ, ಹೆಡ್‌ಸ್ಟಾಕ್‌ಗೆ ರಿಪೇರಿ ಆಗಿಲ್ಲ, ತಯಾರಿಕೆ 1967 ಅಥವಾ ಆನಂತರದ್ದು ಎಂದು ರಸೀದಿಯಲ್ಲಿ ಬರೆಸಿಕೊಂಡು ಕೊಳ್ಳಬಹುದು. ಈ ಷರತ್ತುಗಳ ಮೇಲೆ, ಅರ್ಧಕ್ಕಿಂತ ತುಸು ಹೆಚ್ಚಿನ ಬೆಲೆಗೆ, ನಾನು ಮುಂಗಡ ಕೊಟ್ಟಿದ್ದೇನೆ.